ಎರವಲು ಮಾಂಗಾ, ಎರವಲು ಕಾಮಿಕ್ಸ್: ಅಮೆರಿಕದ ಸಾರ್ವಜನಿಕ ಗ್ರಂಥಾಲಯದಿಂದ ಸರಣಿಗಳನ್ನು ತಂದು ಓದುವ ಬಗೆ

ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಎಂದು ಹೆಸರು. ಅಂಥ ಸರಣಿಯ ಒಂದು ಸಂಪುಟಕ್ಕೆ ಅಮೆರಿಕದ ಪುಸ್ತಕದಂಗಡಿಗಳಲ್ಲಿ ಸುಮಾರು 10ರಿಂದ 12 ಡಾಲರ್ ಬೆಲೆಯಿದೆ. ಹೆಚ್ಚುಕಡಿಮೆ ಇನ್ನೂರು ಪುಟಗಳ ಆ ಸಂಪುಟವನ್ನು ಓದಿ ಮುಗಿಸಲು ಒಂದು ಗಂಟೆ, ನಿಧಾನವಾಗಿ ಓದುವವರಿಗೆ ಒಂದೂವರೆ ಗಂಟೆ ಸಾಕು. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 27 ಸಂಪುಟಗಳ ಸರಣಿ, ‘ನರುಟೊ’ 72 ಸಂಪುಟಗಳದು. ಮನೆಯಲ್ಲಿ ಒಂದು ಮಗುವಿಗೆ ಈ ರುಚಿ ಹತ್ತಿತೆಂದರೆ ಖರ್ಚಿನ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಣವಿದ್ದರೂ ಅಷ್ಟು ಪುಸ್ತಕಗಳನ್ನು ಇಡಲು ಬಾಡಿಗೆ ಮನೆಯ ಕಪಾಟಿನಲ್ಲಿ ಜಾಗವಿರುವುದಿಲ್ಲ. ಹೀಗಾಗಿ ಚಿತ್ರಕಥೆ ಓದುವವರಿಗೆ ಗ್ರಂಥಾಲಯಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಇಲ್ಲೊಂದು ತೊಡಕಿದೆ. ಗ್ರಂಥಾಲಯವು ಪುಸ್ತಕಗಳನ್ನು ಬಿಡಿಬಿಡಿಯಾಗಿ ಕೊಡುತ್ತದೆ, ಮಾಂಗಾ ಇರುವುದು ಸರಣಿಯಾಗಿ. ಮೊದಲ ಎರಡು ಸಂಪುಟಗಳನ್ನು ಒಂದೇ ರಾತ್ರಿ ಓದಿ ಮುಗಿಸಿ, ಮರುದಿನ ಓಡಿಹೋಗಿ ನೋಡಿದರೆ ಕಪಾಟಿನಲ್ಲಿ ಮೂರನೆಯದು ಇಲ್ಲ, ನಾಲ್ಕನೆಯದು ಮಾತ್ರ ಇದೆ ಎಂಬ ಅನುಭವ ನನಗೆ ಮೊದಲ ವಾರದಲ್ಲೇ ಆಯಿತು. ಈ ತೊಡಕನ್ನು ದಾಟುವ ಕ್ರಮವನ್ನೂ, ತಂದ ಪುಸ್ತಕವನ್ನು ಕಣ್ತುಂಬ ಓದುವ ಕ್ರಮವನ್ನೂ ಈ ಲೇಖನ ವಿವರಿಸುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳನ್ನೂ, ಮಕ್ಕಳ ಮನೆಗೆಂದು ಆರು ತಿಂಗಳಿಗೆ ಬಂದು ಮಧ್ಯಾಹ್ನದ ಹೊತ್ತು ಕಳೆಯುವುದು ಹೇಗೆಂದು ಯೋಚಿಸುವ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. (‘ಮಂಗಾ’ ಎಂದು ಬರೆದರೆ ಆ ಹಿರಿಯರು ನಗುತ್ತಾರೆ, ಆದ್ದರಿಂದ ಉದ್ದಕ್ಕೂ ‘ಮಾಂಗಾ’ ಎಂದೇ ಬಳಸಿದ್ದೇನೆ.)

ಮೊದಲು ಕಾರ್ಡ್

ಲೈಬ್ರರಿ ಕಾರ್ಡ್ ಉಚಿತ. ಗುರುತಿನ ಚೀಟಿಯ ಜೊತೆಗೆ ನಿಮ್ಮ ವಿಳಾಸವನ್ನು ತೋರಿಸುವ ಒಂದು ಕಾಗದ ಬೇಕು. ಚಾಲನಾ ಪರವಾನಗಿಯಲ್ಲಿ ಈಗಿನ ವಿಳಾಸವಿದ್ದರೆ ಅದೇ ಸಾಕು, ಇಲ್ಲದಿದ್ದರೆ ಮನೆ ಬಾಡಿಗೆಯ ಕರಾರು ಅಥವಾ ವಿದ್ಯುತ್ ಬಿಲ್ಲನ್ನು ಕೊಂಡೊಯ್ಯಿರಿ. ಮಕ್ಕಳಿಗೆ ಅವರದೇ ಕಾರ್ಡ್ ಮಾಡಿಸಬಹುದು, ಅದಕ್ಕೆ ತಂದೆ ಅಥವಾ ತಾಯಿಯ ಸಹಿ ಬೇಕಾಗುತ್ತದೆ. ಪ್ರವಾಸಿ ವೀಸಾದಲ್ಲಿ ಬಂದ ಹಿರಿಯರಿಗೆ ಕೆಲವು ಗ್ರಂಥಾಲಯಗಳು ತಾತ್ಕಾಲಿಕ ಕಾರ್ಡ್ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೊಡದಿದ್ದರೆ ಮನೆಯವರ ಕಾರ್ಡಿನಲ್ಲಿ ತರಬಹುದು, ಗ್ರಂಥಾಲಯದಲ್ಲೇ ಕುಳಿತು ಓದುವುದಕ್ಕಂತೂ ಕಾರ್ಡೇ ಬೇಕಿಲ್ಲ.

ಒಂದೇ ಕಾರ್ಡಿಗೆ ತೃಪ್ತರಾಗಬೇಕಾಗಿಲ್ಲ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ವಾಸಿಸುವವರು, ದುಡಿಯುವವರು ಅಥವಾ ಓದುವವರು ಎಲ್ಲರೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಕಾರ್ಡ್ ಪಡೆಯಬಹುದು. ಕ್ಯಾಲಿಫೋರ್ನಿಯಾದಲ್ಲಿಯೂ ರಾಜ್ಯದ ನಿವಾಸಿಗಳಿಗೆ ಪಕ್ಕದ ಊರಿನ ಗ್ರಂಥಾಲಯಗಳು ಸಾಮಾನ್ಯವಾಗಿ ಕಾರ್ಡ್ ಕೊಡುತ್ತವೆ. ಒಂದು ಊರಿನಲ್ಲಿಲ್ಲದ ಮೂರನೆಯ ಸಂಪುಟ ಹತ್ತು ಮೈಲಿ ದೂರದ ಇನ್ನೊಂದು ಊರಿನಲ್ಲಿ ಇರುವುದು ಅಪರೂಪವಲ್ಲ.

ಕಪಾಟನ್ನು ಹುಡುಕುವುದು

ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕಾಮಿಕ್ಸ್‌ನ ಸಂಖ್ಯೆ 741.5. 700 ಎಂದರೆ ಕಲೆಗಳು, 741 ಎಂದರೆ ರೇಖಾಚಿತ್ರ. ಅಂದರೆ ಈ ಪದ್ಧತಿಯಲ್ಲಿ ಚಿತ್ರಕಥೆಗೆ ಜಾಗ ಸಿಕ್ಕಿರುವುದು ಕಾದಂಬರಿಗಳ ನಡುವೆ ಅಲ್ಲ, ಚಿತ್ರಕಲೆಯ ನಡುವೆ. ಇದನ್ನು ನೆನಪಿಟ್ಟುಕೊಳ್ಳಿ, ಓದುವ ಕ್ರಮಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ. ಈಗ ಬಹಳಷ್ಟು ಗ್ರಂಥಾಲಯಗಳು ಕಾಮಿಕ್ಸನ್ನು ಪ್ರತ್ಯೇಕ ಕಪಾಟಿನಲ್ಲಿ ಇಟ್ಟು, ಬೆನ್ನಿನ ಮೇಲೆ ‘ಗ್ರಾಫಿಕ್ ನಾವೆಲ್’ ಅಥವಾ ‘ಮಾಂಗಾ’ ಎಂಬ ಚೀಟಿ ಅಂಟಿಸಿರುತ್ತವೆ.

ಹೊಸಬರು ಎಡವುವುದು ಇಲ್ಲಿಯೇ. ಕಾಮಿಕ್ಸ್ ಇರುವುದು ಒಂದು ಕಡೆಯಲ್ಲ, ಸಾಮಾನ್ಯವಾಗಿ ಮೂರು ಕಡೆ: ಮಕ್ಕಳ ಕೋಣೆಯಲ್ಲಿ ಒಂದು ಕಪಾಟು, ಹದಿಹರೆಯದವರ ವಿಭಾಗದಲ್ಲಿ ಇನ್ನೊಂದು, ದೊಡ್ಡವರ ವಿಭಾಗದಲ್ಲಿ ಮತ್ತೊಂದು. ಮಾಂಗಾದ ಬಹುಪಾಲು ಹದಿಹರೆಯದವರ ವಿಭಾಗದಲ್ಲಿರುತ್ತದೆ. ಐವತ್ತು ದಾಟಿದವರು ಅಲ್ಲಿಗೆ ಹೋಗಿ ಪುಸ್ತಕ ಆರಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ, ಕುಳಿತು ಓದುವ ಕುರ್ಚಿಗಳನ್ನು ಮಾತ್ರ ಮಕ್ಕಳಿಗೆ ಬಿಟ್ಟುಕೊಡಬೇಕು. ಜೋಡಣೆಯೂ ಬೇರೆಬೇರೆ: ಕೆಲವು ಕಡೆ ಲೇಖಕರ ಹೆಸರಿನ ಕ್ರಮ, ಕೆಲವು ಕಡೆ ಸರಣಿಯ ಹೆಸರಿನ ಕ್ರಮ. ಇನ್ನು ನೈಜ ಘಟನೆಗಳ ಚಿತ್ರಕಥೆಗಳು ಈ ಯಾವ ಕಪಾಟಿನಲ್ಲೂ ಇಲ್ಲದೆ ವಿಷಯಕ್ಕೆ ತಕ್ಕಂತೆ ಬೇರೆಡೆ ಹೋಗಿ ಕುಳಿತಿರಬಹುದು. 1992ರಲ್ಲಿ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಪಡೆದ ‘ಮೌಸ್’ ಹಲವೆಡೆ ಎರಡನೆಯ ಮಹಾಯುದ್ಧದ ಇತಿಹಾಸದ ಕಪಾಟಿನಲ್ಲಿ ಸಿಗುತ್ತದೆ. ಹೀಗಾಗಿ ಕಣ್ಣಿನಿಂದ ಹುಡುಕುವುದರ ಜೊತೆಗೆ ಗಣಕದಲ್ಲಿರುವ ಪುಸ್ತಕಗಳ ಸೂಚಿಯಲ್ಲೂ (ಕ್ಯಾಟಲಾಗ್) ಹುಡುಕಬೇಕು.

ಸರಣಿಯನ್ನು ಆರಿಸುವ ಮುನ್ನ

ಪುಸ್ತಕವನ್ನು ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿರಲಿ: ಈ ಸರಣಿಯಲ್ಲಿ ಒಟ್ಟು ಎಷ್ಟು ಸಂಪುಟಗಳಿವೆ, ಅದು ಮುಗಿದಿದೆಯೇ ಅಥವಾ ಇನ್ನೂ ನಡೆಯುತ್ತಿದೆಯೇ, ಮತ್ತು ನಿಮ್ಮ ಗ್ರಂಥಾಲಯದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಇವೆಯೇ. ಮೂರನೆಯ ಪ್ರಶ್ನೆಯನ್ನು ಕೇಳಿಕೊಳ್ಳದವರೇ ಹೆಚ್ಚು. ಮಾಂಗಾ ಪುಸ್ತಕಗಳು ಬೇಗ ಸವೆಯುತ್ತವೆ, ಕಳೆದುಹೋಗುತ್ತವೆ. ಸೂಚಿಯಲ್ಲಿ ಸರಣಿಯ ಹೆಸರನ್ನು ಹಾಕಿ, ಸಂಪುಟಗಳ ಸಂಖ್ಯೆಯನ್ನು ಒಂದೊಂದಾಗಿ ನೋಡಿ, ನಡುವೆ ತೂತು ಬಿದ್ದಿದೆಯೇ ಎಂದು ಪರೀಕ್ಷಿಸಬೇಕು.

ಆರಂಭಕ್ಕೆ ಮುಗಿದಿರುವ, ಚಿಕ್ಕ ಸರಣಿಯೇ ಒಳ್ಳೆಯದು. ‘ಡೆತ್ ನೋಟ್’ ಕಥೆ 12 ಸಂಪುಟಗಳಲ್ಲಿ ಮುಗಿಯುತ್ತದೆ, ಕಿವುಡ ಹುಡುಗಿಯೊಬ್ಬಳ ಶಾಲಾ ಜೀವನದ ಸುತ್ತ ಇರುವ ‘ಎ ಸೈಲೆಂಟ್ ವಾಯ್ಸ್’ ಏಳರಲ್ಲಿ. ಭಾರತೀಯ ಓದುಗರಿಗೆ, ಅದರಲ್ಲೂ ಇಂಥ ಪುಸ್ತಕಗಳನ್ನು ಮೊದಲ ಬಾರಿಗೆ ಮುಟ್ಟುವ ಹಿರಿಯರಿಗೆ, ನಾನು ಕೊಡುವುದು ಒಸಾಮು ತೆಜುಕಾ ಅವರ ‘ಬುದ್ಧ’ವನ್ನು. ಜಪಾನಿನಲ್ಲಿ 1972ರಿಂದ 1983ರವರೆಗೆ ಬಂದ ಈ ಕೃತಿ ಇಂಗ್ಲಿಷಿನಲ್ಲಿ ಎಂಟು ಸಂಪುಟಗಳಾಗಿದೆ. ಕಪಿಲವಸ್ತು, ಮಗಧ, ಕೋಸಲಗಳ ಹೆಸರುಗಳು ನಮಗೆ ಪರಿಚಿತವಾದ್ದರಿಂದ ಕಥೆಯ ಎಳೆ ಕೈತಪ್ಪುವುದಿಲ್ಲ, ಗಮನವನ್ನೆಲ್ಲ ಚಿತ್ರಕ್ಕೆ ಕೊಡಬಹುದು. ಆದರೆ ಬುದ್ಧನ ಕಥೆಯೆಂದು ಮಕ್ಕಳ ಕೈಗೆ ಕೊಡಬೇಡಿ; ಹಿಂಸೆಯೂ ನಗ್ನತೆಯೂ ಅದರಲ್ಲಿ ಧಾರಾಳವಾಗಿವೆ.

ಆವೃತ್ತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಜನಪ್ರಿಯ ಸರಣಿಗಳು ಬಿಡಿ ಸಂಪುಟಗಳಾಗಿಯೂ, ಮೂರು ಸಂಪುಟಗಳನ್ನು ಒಂದಾಗಿಸಿದ ದಪ್ಪ ಪುಸ್ತಕಗಳಾಗಿಯೂ ಬರುತ್ತವೆ. ಈ ಎರಡನೆಯ ಬಗೆಯಲ್ಲಿ 27 ಸಂಪುಟಗಳ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಒಂಬತ್ತು ಪುಸ್ತಕಗಳಾಗುತ್ತದೆ. ಅಲ್ಲಿ ಎರಡನೆಯ ಪುಸ್ತಕವೆಂದರೆ ಮೂಲದ 4ರಿಂದ 6ನೆಯ ಸಂಪುಟಗಳು. ಬಿಡಿ ಸಂಪುಟ ಒಂದನ್ನು ಓದಿ, ಆಮೇಲೆ ದಪ್ಪ ಪುಸ್ತಕ ಎರಡನ್ನು ತಂದರೆ ನಡುವಿನ ಎರಡು ಸಂಪುಟಗಳು ಹಾರಿಹೋಗುತ್ತವೆ. ಎರಡೂ ಬಗೆ ಇದ್ದರೆ ದಪ್ಪ ಪುಸ್ತಕವನ್ನೇ ಹಿಡಿಯಿರಿ, ಸರದಿಯಲ್ಲಿ ಕಾಯುವುದು ಮೂರರಲ್ಲಿ ಒಂದು ಪಾಲಾಗುತ್ತದೆ.

ಹೋಲ್ಡ್ ಹಾಕುವ ಕಲೆ

ಸರಣಿಯನ್ನು ಕ್ರಮವಾಗಿ ಓದುವ ಗುಟ್ಟು ಇರುವುದು ಹೋಲ್ಡ್‌ನಲ್ಲಿ. ಬೇಕಾದ ಪುಸ್ತಕವನ್ನು ಸೂಚಿಯಲ್ಲಿ ಕಾಯ್ದಿರಿಸಿದರೆ, ಅದು ಬೇರೆ ಶಾಖೆಯಲ್ಲಿದ್ದರೂ ನಿಮ್ಮ ಶಾಖೆಗೆ ಬರುತ್ತದೆ, ಬಂದೊಡನೆ ಮಿಂಚಂಚೆ ಬರುತ್ತದೆ; ಸುಮಾರು ಒಂದು ವಾರದೊಳಗೆ ಹೋಗಿ ತೆಗೆದುಕೊಳ್ಳದಿದ್ದರೆ ಮುಂದಿನವರ ಪಾಲಾಗುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ, ಇಂದಿಗೂ ಜಗತ್ತಿನಾದ್ಯಂತ ಗ್ರಂಥಪಾಲಕರು ಓದುವ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆನ್ನುತ್ತದೆ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಆ ಹಿರಿಯರ ಸೂತ್ರಕ್ಕೆ ಹೋಲ್ಡ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಉತ್ಸಾಹದಲ್ಲಿ ಹತ್ತು ಸಂಪುಟಗಳಿಗೆ ಒಟ್ಟಿಗೆ ಹೋಲ್ಡ್ ಹಾಕಿದರೆ ಅವು ತಮಗೆ ತೋಚಿದ ಕ್ರಮದಲ್ಲಿ ಬರುತ್ತವೆ: ಮೊದಲು ಎಂಟು, ಆಮೇಲೆ ಐದು, ಒಂದು ಎಲ್ಲಕ್ಕಿಂತ ಕೊನೆಗೆ. ಮೊದಲ ಎರಡು ಅಥವಾ ಮೂರು ಸಂಪುಟಗಳಿಗೆ ಮಾತ್ರ ಹೋಲ್ಡ್ ಹಾಕಿ, ಮುಂದಿನವುಗಳಿಗೆ ಹೋಲ್ಡ್ ಹಾಕಿಯೂ ಅವನ್ನು ತಡೆಹಿಡಿದಿಡುವುದು ಇದಕ್ಕೆ ಪರಿಹಾರ. ಸೂಚಿಯ ನಿಮ್ಮ ಖಾತೆಯಲ್ಲಿ ಪ್ರತಿಯೊಂದು ಹೋಲ್ಡ್‌ನ ಪಕ್ಕದಲ್ಲಿ ‘ಸಸ್ಪೆಂಡ್’, ‘ಫ್ರೀಜ್’ ಅಥವಾ ‘ಪಾಸ್’ ಎಂಬ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಪುಸ್ತಕ ಬರುವುದಿಲ್ಲ, ಆದರೆ ಬಹುತೇಕ ಕಡೆ ಸರದಿಯಲ್ಲಿ ನಿಮ್ಮ ಸ್ಥಾನ ಮುಂದೆ ಸರಿಯುತ್ತಲೇ ಇರುತ್ತದೆ. ಹಿಂದಿನ ಸಂಪುಟ ಕೈಗೆ ಬಂದ ದಿನ ಮುಂದಿನದರ ತಡೆಯನ್ನು ತೆಗೆದರಾಯಿತು. ಇದು ಅಭ್ಯಾಸವಾದರೆ ಪ್ರತಿ ವಾರ ಒಂದೆರಡು ಸಂಪುಟಗಳು ಸಾಲಾಗಿ ಬರುತ್ತವೆ.

ನಡುವಿನ ಸಂಪುಟ ನಿಮ್ಮ ಗ್ರಂಥಾಲಯದಲ್ಲಿ ಇಲ್ಲವೇ ಇಲ್ಲ ಎಂದಾದರೆ ಎರಡು ದಾರಿಗಳಿವೆ. ಒಂದು, ಅಂತರ್ ಗ್ರಂಥಾಲಯ ಎರವಲು; ಕ್ಯಾಲಿಫೋರ್ನಿಯಾ ಮತ್ತು ನೆವಾಡಾದ ಹಲವು ಗ್ರಂಥಾಲಯಗಳನ್ನು ಬೆಸೆದಿರುವ ‘ಲಿಂಕ್ ಪ್ಲಸ್’ ಅಂಥದೊಂದು ವ್ಯವಸ್ಥೆ. ಎರಡು, ಕೊಳ್ಳುವಂತೆ ಸೂಚಿಸುವ ಅರ್ಜಿ. ಅದು ಗ್ರಂಥಾಲಯದ ಜಾಲತಾಣದಲ್ಲೇ ಇರುತ್ತದೆ, ತುಂಬಲು ಐದು ನಿಮಿಷ ಸಾಕು. ‘ಇಂಥ ಸರಣಿಯ 3ನೆಯ ಸಂಪುಟ ಕಾಣೆಯಾಗಿದೆ, 1, 2 ಮತ್ತು 4ರಿಂದ 9ರವರೆಗೆ ನಿಮ್ಮಲ್ಲಿವೆ’ ಎಂದು ಸ್ಪಷ್ಟವಾಗಿ ಬರೆದರೆ ಗ್ರಂಥಪಾಲಕರು ಅದನ್ನು ಕಡೆಗಣಿಸುವುದು ಕಡಿಮೆ, ಏಕೆಂದರೆ ಒಂದು ಸಂಪುಟ ಇಲ್ಲದಿದ್ದರೆ ಉಳಿದ ಎಂಟಕ್ಕೂ ಓದುಗರು ಸಿಗುವುದಿಲ್ಲ.

ದಂಡದ ಭಯದಿಂದ ಹಿಂಜರಿಯಬೇಡಿ. ಶಿಕಾಗೊ 2019ರಲ್ಲಿ, ನ್ಯೂಯಾರ್ಕ್ ನಗರ 2021ರಲ್ಲಿ ತಡವಾದ ಪುಸ್ತಕಗಳಿಗೆ ದಂಡ ಹಾಕುವುದನ್ನೇ ನಿಲ್ಲಿಸಿದವು, ಬೇರೆ ಊರುಗಳೂ ಆ ದಾರಿ ಹಿಡಿದಿವೆ. ಪುಸ್ತಕ ಕಳೆದುಹೋದರೆ ಮಾತ್ರ ಬೆಲೆ ತೆರಬೇಕು.

ಓದುವುದು ಎಂದರೆ ಇಲ್ಲಿ ನೋಡುವುದು

ಪುಸ್ತಕ ಮನೆಗೆ ಬಂತು. ಮಾಂಗಾ ತೆರೆಯುವುದು ನಾವು ಹಿಂಬದಿ ಎನ್ನುವ ಕಡೆಯಿಂದ. ಪುಟಗಳೂ, ಪುಟದೊಳಗಿನ ಚೌಕಟ್ಟುಗಳೂ, ಚೌಕಟ್ಟಿನೊಳಗಿನ ಮಾತಿನ ಗುಳ್ಳೆಗಳೂ ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುತ್ತವೆ. ತಪ್ಪು ಕಡೆಯಿಂದ ತೆರೆದವರಿಗೆಂದೇ ಹಲವು ಪುಸ್ತಕಗಳಲ್ಲಿ ಎಚ್ಚರಿಕೆಯ ಪುಟವಿರುತ್ತದೆ. ಮೊದಲ ಇಪ್ಪತ್ತು ಪುಟ ಕಷ್ಟವೆನಿಸುತ್ತದೆ, ಆಮೇಲೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ಹಳೆಯ ಪ್ರತಿಗಳಲ್ಲಿ ಕೆಲವು ಇಂಗ್ಲಿಷ್ ಓದುಗರಿಗಾಗಿ ಕನ್ನಡಿಯ ಬಿಂಬದಂತೆ ಮಗುಚಿ ಮುದ್ರಿಸಿದವು. ಅವನ್ನು ಎಡದಿಂದಲೇ ಓದಬೇಕು. ಅಂಥ ಪುಸ್ತಕದಲ್ಲಿ ಎಲ್ಲರೂ ಎಡಗೈಯವರಾಗಿಬಿಡುತ್ತಾರೆ, ಕಿಮೊನೊದ ಮಡಿಕೆಗಳೂ ಅದಲುಬದಲಾಗುತ್ತವೆ. ಜಪಾನಿನಲ್ಲಿ ಹಾಗೆ ಉಡಿಸುವುದು ಶವಕ್ಕೆ ಮಾತ್ರ.

ದಿಕ್ಕಿಗಿಂತ ದೊಡ್ಡ ಸಮಸ್ಯೆ ಬೇರೆಯಿದೆ. ನನ್ನ ತಲೆಮಾರಿನವರು ಚಿತ್ರಕಥೆಯನ್ನು ಓದಲು ಕಲಿತದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಕಟ್ಟಿದ ಅಮರ ಚಿತ್ರಕಥೆಗಳಿಂದ. ಅಲ್ಲಿ ಚೌಕಟ್ಟಿನ ಮೇಲುಗಡೆಯ ಬರಹವೇ ಕಥೆಯನ್ನು ಹೇಳಿಬಿಡುತ್ತಿತ್ತು, ಚಿತ್ರ ಅದಕ್ಕೆ ಒಡವೆಯಂತೆ ಇರುತ್ತಿತ್ತು. ಬರಹವನ್ನಷ್ಟೇ ಓದಿ ಪುಟ ಮಗುಚುವ ಅಭ್ಯಾಸ ನಮಗೆ ಅಂಟಿದ್ದು ಹಾಗೆ. ಮಾಂಗಾವನ್ನು ಹಾಗೆ ಓದಿದರೆ ಹದಿನೈದು ನಿಮಿಷದಲ್ಲಿ ಸಂಪುಟ ಮುಗಿದು, ‘ಇಷ್ಟೇನಾ?’ ಎನಿಸುತ್ತದೆ. ಇಲ್ಲಿ ಮಾತಿಲ್ಲದ ಪುಟಗಳೇ ಬಹಳ: ಖಾಲಿ ರಸ್ತೆ, ಮಳೆಯಲ್ಲಿ ನೆನೆಯುವ ಸೈಕಲ್, ತೆರೆದ ಕಿಟಕಿ. 741.5 ಎಂಬ ಸಂಖ್ಯೆ ಚಿತ್ರಕಲೆಯ ಮನೆಯಲ್ಲಿರುವುದು ಸುಮ್ಮನೆ ಅಲ್ಲ. ನನ್ನ ಸಲಹೆ ಇಷ್ಟು: ಪುಟವನ್ನು ಮಗುಚಿದೊಡನೆ ಮೊದಲು ಇಡೀ ಪುಟವನ್ನು ಒಂದು ಚಿತ್ರವೆಂಬಂತೆ ನೋಡಿ, ಆಮೇಲೆ ಬಲ ಮೇಲ್ತುದಿಯಿಂದ ಓದಲು ತೊಡಗಿ. ಮಾತಿಲ್ಲದ ಚೌಕಟ್ಟು ಬಂದಾಗ ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಚೌಕಟ್ಟುಗಳ ನಡುವಿನ ಬಿಳಿಯ ತೆರಪು ಕಪ್ಪಾದರೆ ಸಾಮಾನ್ಯವಾಗಿ ಅದು ಹಿಂದೆ ನಡೆದ ಸಂಗತಿ. ಹಣೆಯ ಮೇಲೆ ದೊಡ್ಡ ಬೆವರ ಹನಿ ಮುಜುಗರಕ್ಕೆ, ಉಬ್ಬಿದ ನರದ ಗುರುತು ಕೋಪಕ್ಕೆ, ಮೂಗಿನಿಂದ ಹೊರಟ ಗುಳ್ಳೆ ನಿದ್ದೆಗೆ ಸಂಕೇತ.

ಕನ್ನಡಿಗರಿಗೆ ಎರಡು ವಿಷಯಗಳು ಬೇರೆ ಇಂಗ್ಲಿಷ್ ಓದುಗರಿಗಿಂತ ಬೇಗ ಒಗ್ಗುತ್ತವೆ ಎಂಬುದು ನಾನು ಕಂಡುಕೊಂಡದ್ದು. ಮೊದಲನೆಯದು ಸದ್ದು. ಜಪಾನಿ ಭಾಷೆಯಲ್ಲಿ ಅನುಕರಣ ಪದಗಳು ಲೆಕ್ಕವಿಲ್ಲದಷ್ಟಿವೆ, ಚಿತ್ರದ ಮೇಲೆಯೇ ದಪ್ಪಕ್ಷರಗಳಲ್ಲಿ ಅವನ್ನು ಬರೆದಿರುತ್ತಾರೆ. ಎದೆ ಬಡಿತಕ್ಕೆ ಅವರು ‘ದೊಕಿ ದೊಕಿ’ ಎನ್ನುತ್ತಾರೆ, ನಾವು ‘ಡವಡವ’ ಎನ್ನುತ್ತೇವೆ. ನಿಶ್ಶಬ್ದಕ್ಕೂ ಅವರಲ್ಲಿ ‘ಶೀನ್’ ಎಂಬ ಸದ್ದಿದೆ. ಇಂಗ್ಲಿಷ್ ಓದುಗನಿಗೆ ಇದು ವಿಚಿತ್ರ, ಕತ್ತಲೆಯನ್ನೇ ‘ಗವ್ವೆನ್ನುತ್ತದೆ’ ಎಂದು ಕೇಳಿಸಿಕೊಂಡು ಬೆಳೆದವರಿಗೆ ವಿಚಿತ್ರವಲ್ಲ. ಅನುವಾದದ ಸದ್ದನ್ನು ಪುಟದ ಅಂಚಿನಲ್ಲಿ ಚಿಕ್ಕದಾಗಿ ಕೊಟ್ಟಿರುತ್ತಾರೆ. ಮಕ್ಕಳೊಡನೆ ಓದುವಾಗ ಅದನ್ನು ಬಿಟ್ಟು, ಆ ಸದ್ದಿಗೆ ಕನ್ನಡದಲ್ಲಿ ಏನೆನ್ನುತ್ತೇವೆಂದು ಕೇಳಿ ನೋಡಿ. ದಬದಬ, ಚಟಪಟ, ಸರಸರ, ಗಳಗಳ ಎಂಬ ಪದಗಳು ಅಮೆರಿಕದಲ್ಲಿ ಬೆಳೆದ ಮಕ್ಕಳ ಬಾಯಿಗೆ ಬರುವ ದಾರಿಗಳಲ್ಲಿ ಇದೂ ಒಂದು.

ಎರಡನೆಯದು ಮಾತಿನ ಮರ್ಯಾದೆ. ಹೆಸರಿನ ಕೊನೆಗೆ ಬರುವ ‘ಸಾನ್’, ‘ಕುನ್’, ‘ಚಾನ್’ಗಳನ್ನು ಕೆಲವು ಅನುವಾದಗಳು ಉಳಿಸುತ್ತವೆ, ಕೆಲವು ತೆಗೆದುಹಾಕುತ್ತವೆ. ಅಪರಿಚಿತ ತರುಣನನ್ನೂ ಜಪಾನಿನ ಮಕ್ಕಳು ‘ಒನೀಸಾನ್’, ಅಂದರೆ ಅಣ್ಣ, ಎಂದು ಕರೆಯುವುದು ನಮಗೆ ಸಹಜವಾಗಿಯೇ ಕಾಣುತ್ತದೆ. ಇಬ್ಬರು ಗೆಳೆಯರ ನಡುವೆ ಒಂದು ದಿನ ‘ಸಾನ್’ ಬಿದ್ದುಹೋಯಿತೆಂದರೆ ಅದು ‘ನೀವು’ ಹೋಗಿ ‘ನೀನು’ ಬಂದ ಗಳಿಗೆ. ಉಳಿಸಿರುವ ಅನುವಾದ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಅಮೆರಿಕನ್ ಕಾಮಿಕ್ಸ್ ಬಗ್ಗೆ ಹೇಳುವುದು ಕಡಿಮೆ. ಅವು ಎಡದಿಂದ ಬಲಕ್ಕೆ ಸಾಗುತ್ತವೆ. ತಿಂಗಳಿಗೊಮ್ಮೆ ಬರುವ ತೆಳು ಸಂಚಿಕೆಗಳಲ್ಲಿ ಐದಾರನ್ನು ಸೇರಿಸಿ ಪುಸ್ತಕ ಮಾಡಿರುತ್ತಾರೆ. ಸೂಪರ್‌ಹೀರೊಗಳ ಕಥೆಗಳು ದಶಕಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಎಲ್ಲಿಂದ ತೊಡಗಬೇಕೆಂದು ಗ್ರಂಥಪಾಲಕರನ್ನು ಕೇಳುವುದೇ ವಾಸಿ, ಇಲ್ಲವೇ ತಾನೇ ತಾನಾಗಿ ಮುಗಿಯುವ ಒಂದೇ ಪುಸ್ತಕದ ಕಥೆಯನ್ನು ಆರಿಸಬೇಕು.

ಪರದೆಯ ಮೇಲೆ

ಅದೇ ಕಾರ್ಡಿನಿಂದ ‘ಲಿಬ್ಬಿ’ ಮತ್ತು ‘ಹೂಪ್ಲಾ’ ಎಂಬ ಆ್ಯಪ್‌ಗಳಲ್ಲೂ ಕಾಮಿಕ್ಸ್ ಎರವಲು ಪಡೆಯಬಹುದು, ನಿಮ್ಮ ಗ್ರಂಥಾಲಯ ಅವಕ್ಕೆ ಚಂದಾದಾರನಾಗಿರಬೇಕಷ್ಟೆ. ಲಿಬ್ಬಿಯಲ್ಲಿ ಸಾಮಾನ್ಯವಾಗಿ ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬರೇ ಓದುವುದರಿಂದ ಸರದಿ ಇರುತ್ತದೆ. ಹೂಪ್ಲಾದಲ್ಲಿ ಕಾಯುವುದಿಲ್ಲ, ಆದರೆ ತಿಂಗಳಿಗೆ ಇಷ್ಟೇ ಎಂಬ ಮಿತಿಯನ್ನು ಗ್ರಂಥಾಲಯ ಹಾಕಿರುತ್ತದೆ. ಬೇಗ ಹಿಂದಿರುಗಿಸಿದರೂ ಆ ಲೆಕ್ಕ ಮರಳುವುದಿಲ್ಲ. ಸರಣಿಯ ಕಾಣೆಯಾದ ನಡುವಿನ ಸಂಪುಟಕ್ಕೆ ಹೂಪ್ಲಾದ ಎರವಲನ್ನು ಕಾಯ್ದಿಟ್ಟುಕೊಳ್ಳುವುದು ಜಾಣತನ. ಫೋನಿನ ಚಿಕ್ಕ ಪರದೆಯಲ್ಲಿ ಎರಡು ಪುಟಗಳಿಗೆ ಹರಡಿದ ಚಿತ್ರ ಕತ್ತರಿಸಿಹೋಗುತ್ತದೆ. ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದು ಓದಿದರೆ ಪರವಾಗಿಲ್ಲ. ಕಾಗದದ ಪ್ರತಿ ಸಿಗುವಾಗ ನಾನಂತೂ ಪರದೆಯ ಕಡೆಗೆ ಹೋಗುವುದಿಲ್ಲ.

ಮಕ್ಕಳ ಕೈಗೆ ಕೊಡುವ ಮುನ್ನ

ಚಿತ್ರಗಳಿವೆ ಎಂದಮಾತ್ರಕ್ಕೆ ಮಕ್ಕಳ ಪುಸ್ತಕವೆಂದು ಭಾವಿಸುವುದು ನಮ್ಮಲ್ಲಿ ಸಾಮಾನ್ಯ ತಪ್ಪು. ಜಪಾನಿನಲ್ಲಿ ಹುಡುಗರ ‘ಶೋನೆನ್’, ಹುಡುಗಿಯರ ‘ಶೋಜೊ’, ವಯಸ್ಕ ಗಂಡಸರ ‘ಸೇನೆನ್’, ವಯಸ್ಕ ಹೆಂಗಸರ ‘ಜೋಸೇ’ ಎಂದು ಪತ್ರಿಕೆಗಳೇ ಬೇರೆಬೇರೆ. ಇಂಗ್ಲಿಷ್ ಪುಸ್ತಕದ ಹಿಂಬದಿಯಲ್ಲಿ ಪ್ರಕಾಶಕರು ವಯಸ್ಸಿನ ಸೂಚನೆಯನ್ನು ಮುದ್ರಿಸಿರುತ್ತಾರೆ. ‘ಟೀನ್’ ಎಂದರೆ ಹದಿಮೂರರ ಆಸುಪಾಸಿನ ಮಕ್ಕಳಿಗೆ, ‘ಟೀನ್ ಪ್ಲಸ್’ ಎಂದರೆ ಇನ್ನೂ ದೊಡ್ಡವರಿಗೆ, ‘ಮೆಚ್ಯೂರ್’ ಎಂದರೆ ವಯಸ್ಕರಿಗೆ. ಸರಣಿ ಬೆಳೆದಂತೆ ಕಥೆಯೂ ಗಾಢವಾಗುವುದುಂಟು, ಆದ್ದರಿಂದ ಮೊದಲ ಸಂಪುಟವನ್ನು ನೋಡಿ ಹತ್ತನೆಯದಕ್ಕೆ ಒಪ್ಪಿಗೆ ಕೊಡಬಾರದು. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಸಾಮಾನ್ಯವಾಗಿ ಮಗು ಏನು ಒಯ್ಯುತ್ತದೆ ಎಂದು ತಡೆದು ಕೇಳುವುದಿಲ್ಲ, ಆ ಹೊಣೆ ಹೆತ್ತವರದು. ಬೈಯುವುದಕ್ಕಿಂತ ಆ ಸಂಪುಟವನ್ನು ತಾವೂ ಓದುವುದು ಸುಲಭ, ಹೇಗೂ ಒಂದು ಗಂಟೆಯ ಕೆಲಸ.

ಹಿಂದಿರುಗಿಸುವಾಗ

ಪುಟ ಹರಿದರೆ ಮನೆಯ ಸೆಲ್ಲೊಟೇಪ್ ಹಚ್ಚಬೇಡಿ, ಅದು ಹಳದಿಯಾಗಿ ಕಾಗದವನ್ನು ಕೆಡಿಸುತ್ತದೆ. ಪುಸ್ತಕವನ್ನು ಮೇಜಿನ ಬಳಿ ಕೊಟ್ಟು ಹೇಳಿದರೆ ಅವರೇ ಸರಿಪಡಿಸುತ್ತಾರೆ. ತೆಳು ಬೆನ್ನಿನ ಮಾಂಗಾವನ್ನು ಅಂಗಾತ ಬಿಡಿಸಿ ಒತ್ತಿದರೆ ಹಾಳೆಗಳು ಕಳಚಿಕೊಳ್ಳುತ್ತವೆ. ಓದಿ ಮುಗಿದದ್ದನ್ನು ಗಡುವಿನ ದಿನದವರೆಗೆ ಇಟ್ಟುಕೊಳ್ಳದೆ ಅಂದೇ ಪೆಟ್ಟಿಗೆಗೆ ಹಾಕಿ. ನಿಮ್ಮಂತೆಯೇ ಇನ್ನೊಬ್ಬರು ಮುಂದಿನ ಸಂಪುಟದ ಮೇಲಿನ ತಡೆಯನ್ನು ತೆಗೆಯಲು ಅದಕ್ಕಾಗಿಯೇ ಕಾಯುತ್ತಿರುತ್ತಾರೆ. ಒಂದು ಕೆಲಸವನ್ನು ಮಾತ್ರ ಪುಸ್ತಕ ಕೈಯಲ್ಲಿರುವಾಗಲೇ ಮಾಡಿ: ಸರಣಿಯ ಹೆಸರನ್ನೂ ಸಂಪುಟದ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಓದುಗರ ಖಾಸಗಿತನವನ್ನು ಕಾಯಲೆಂದು ಹಲವು ಗ್ರಂಥಾಲಯಗಳು, ನೀವಾಗಿಯೇ ಕೇಳಿಕೊಳ್ಳದ ಹೊರತು, ಯಾರು ಯಾವ ಪುಸ್ತಕ ಒಯ್ದರೆಂಬ ದಾಖಲೆಯನ್ನು ಉಳಿಸುವುದಿಲ್ಲ. ಎರಡು ತಿಂಗಳ ಬಳಿಕ ಕಪಾಟಿನ ಮುಂದೆ ನಿಂತಾಗ, ಹದಿನಾಲ್ಕನ್ನು ಓದಿದ್ದೇನೋ ಹದಿನೈದನ್ನೋ ಎಂಬುದು ಆ ಚೀಟಿಯ ಹೊರತು ಬೇರೆಲ್ಲೂ ಇರುವುದಿಲ್ಲ.